ಗಾಯಕ್ಕೆ ಗಾಳಿಯಿಂದಲೇ ಮದ್ದು: ನೈಟ್ರಿಕ್ ಆಕ್ಸೈಡ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಪ್ಲಾಸ್ಮಾ (ವಿದ್ಯುತ್ತಿನಿಂದ ಅತಿಯಾಗಿ ಕಾದ ಅನಿಲ) ಯಂತ್ರದಿಂದ ಬರುವ ನೈಟ್ರಿಕ್ ಆಕ್ಸೈಡ್ ಗಾಯ ಮಾಯಿಸುತ್ತದಂತೆ. ಸಿಲಿಂಡರ್ ಇಲ್ಲದೆ ಈ ಅನಿಲ ಎಲ್ಲಿಂದ ಬರುತ್ತದೆ? ಇದು ನಗೆ ಅನಿಲವೇ?

ಉತ್ತರ: ಅಲ್ಲ. ನಗೆ ಅನಿಲ ನೈಟ್ರಸ್ ಆಕ್ಸೈಡ್, ಇದು ಬೇರೆಯೇ. ನಮ್ಮ ರಕ್ತನಾಳಗಳೂ ನೈಟ್ರಿಕ್ ಆಕ್ಸೈಡನ್ನು ತಯಾರಿಸುತ್ತವೆ. ಆ ಸಂಶೋಧನೆಗೆ 1998ರಲ್ಲಿ ನೊಬೆಲ್ ಸಂದಿತು. ಗಾಯದಲ್ಲಿ ಇದು ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಹೊಸ ನಾಳ ಮತ್ತು ಕೊಲಾಜನ್ (ಚರ್ಮಕ್ಕೆ ಬಲ ಕೊಡುವ ಪ್ರೋಟೀನ್) ಬೆಳೆಯಲು ಒತ್ತಾಸೆಯಾಗುತ್ತದೆ.

ಕಚ್ಚಾ ವಸ್ತು ನಾವು ಉಸಿರಾಡುವ ಗಾಳಿ. ಕೆಲವು ಸಾವಿರ ಡಿಗ್ರಿ ಬಿಸಿಯ ವಿದ್ಯುತ್ ಚಾಪದ (ಎಲೆಕ್ಟ್ರಿಕ್ ಆರ್ಕ್) ಮೂಲಕ ಹಾಯಿಸಿದಾಗ ಅದರ ಸಾರಜನಕ, ಆಮ್ಲಜನಕಗಳು ಕೂಡುತ್ತವೆ. ಗುಟ್ಟಿರುವುದು ಮುಂದಿನ ಹಂತದಲ್ಲಿ: ಆ ಅನಿಲವನ್ನು ತಂಪು ನಾಳದಲ್ಲಿ ಥಟ್ಟನೆ ತಣಿಸಬೇಕು. ನಿಧಾನವಾಗಿ ಆರಿದರೆ ಅದು ಒಡೆದು ಮತ್ತೆ ಬರೀ ಗಾಳಿಯಾಗುತ್ತದೆ. ರಷ್ಯಾದ 'ಪ್ಲಾಜೋನ್' ಯಂತ್ರ ಕೆಲಸ ಮಾಡುವುದು ಹೀಗೆ. 2005ರಲ್ಲಿ ಪ್ರಕಟವಾದ ಅಲ್ಲಿನ ಇಲಿ ಪ್ರಯೋಗದಲ್ಲಿ 500 ಪಿಪಿಎಂ (ಹತ್ತು ಲಕ್ಷದಲ್ಲಿ 500 ಪಾಲು) ಅನಿಲವನ್ನು 60 ಸೆಕೆಂಡ್ ಹಾಯಿಸಿದಾಗ ಗಾಯ ಮಾಯುವ ಅವಧಿ ಸುಮಾರು ಮೂರನೇ ಒಂದರಷ್ಟು ಇಳಿಯಿತು. ಇಲಿಯ ಲೆಕ್ಕವನ್ನು ಮನುಷ್ಯರ ಹಳೆಯ ಹುಣ್ಣಿಗೆ ಹಾಗೆಯೇ ಅನ್ವಯಿಸಬೇಡಿ.

ಪ್ರಶ್ನೆ: ತಂದೆಗೆ ಸಕ್ಕರೆ ಕಾಯಿಲೆ, ಪಾದದಡಿ ಹುಣ್ಣು. ಈ ಚಿಕಿತ್ಸೆ ಕೊಟ್ಟರೂ ಫಲ ಕಾಣುತ್ತಿಲ್ಲ. ಏಕೆ?

ಉತ್ತರ: ಮೊದಲು ಹುಣ್ಣಿನ ತಳ ನೋಡಿ. ಅಲ್ಲಿ ರಕ್ತ ಮಡುಗಟ್ಟಿದ್ದರೆ ಅದರ ಹಿಮೋಗ್ಲೋಬಿನ್ ಅನಿಲವನ್ನು ಕ್ಷಣಾರ್ಧದಲ್ಲಿ ಹೀರಿಬಿಡುತ್ತದೆ. ಅಂಗಾಂಶಕ್ಕೆ ತಲುಪುವುದು ಅತ್ಯಲ್ಪ. ಕೀವು, ಕೊಳೆತ ಪದರವೂ ಅಡ್ಡಗೋಡೆಯೇ. ಆದ್ದರಿಂದ ಸತ್ತ ಅಂಗಾಂಶ ತೆಗೆದು, ಸಲೈನ್‌ನಿಂದ ತೊಳೆದು, ರಕ್ತಸ್ರಾವ ನಿಂತ ಮೇಲೆ ಒರೆಸಿ, ಆಮೇಲೆ ಅನಿಲ ಹಾಯಿಸಬೇಕು. ನಳಿಕೆಯನ್ನು ಒಂದೇ ಕಡೆ ಹಿಡಿಯದೆ ಅಂಚಿನವರೆಗೂ ಆಡಿಸಬೇಕು. ದೊಡ್ಡ ಹುಣ್ಣನ್ನು ಭಾಗ ಮಾಡಿಕೊಂಡು, ಒಂದೊಂದಕ್ಕೂ ಬೇರೆ ಸಮಯ ಕೊಡಬೇಕು. ನಳಿಕೆಗೂ ಹುಣ್ಣಿಗೂ ನಡುವೆ ತಯಾರಕರು ಹೇಳಿದ ಅಂತರ ಬಹಳ ಮುಖ್ಯ. ಸಕ್ಕರೆ ಕಾಯಿಲೆಯಲ್ಲಿ ಪಾದ ಮರಗಟ್ಟಿರುತ್ತದೆ, ಸುಟ್ಟರೂ ತಂದೆಯವರಿಗೆ ತಿಳಿಯುವುದಿಲ್ಲ. ಹಿಡಿಯುವವರೇ ತಮ್ಮ ಕೈಗೆ ಬಿಸಿ ನೋಡಿಕೊಳ್ಳಲಿ.

ಇಷ್ಟಾದರೂ ಅವರು ಅದೇ ಹುಣ್ಣಿನ ಮೇಲೆ ಭಾರ ಹಾಕಿ ನಡೆಯುತ್ತಿದ್ದರೆ ಯಾವ ಅನಿಲವೂ ಗೆಲ್ಲದು. ಭಾರ ತಪ್ಪಿಸುವ ಪ್ಲಾಸ್ಟರ್ ಅಥವಾ ಪಾದರಕ್ಷೆ ಬೇಕೇ ಬೇಕು. ಕಾಲಿನ ರಕ್ತ ಸಂಚಾರವನ್ನೂ ಅಳೆಸಿ. ಸಕ್ಕರೆ ಕಾಯಿಲೆಯವರ ರಕ್ತನಾಳ ಗಟ್ಟಿಯಾಗಿ ಕಣಕಾಲಿನ ರಕ್ತದೊತ್ತಡ ಸುಳ್ಳು ಹೇಳಬಹುದು, ಹಾಗಾಗಿ ಕಾಲಿನ ಹೆಬ್ಬೆರಳಿನ ಒತ್ತಡವನ್ನೂ ಕೇಳಿ. ವಾರಕ್ಕೊಮ್ಮೆ ಹುಣ್ಣಿನ ಉದ್ದಗಲ ಬರೆದಿಡಿ. 4 ವಾರದಲ್ಲಿ ವಿಸ್ತೀರ್ಣ ಅರ್ಧಕ್ಕೆ ಇಳಿಯದಿದ್ದರೆ ಚಿಕಿತ್ಸೆಯನ್ನೇ ಮರುಪರಿಶೀಲಿಸಬೇಕು.

ಪ್ರಶ್ನೆ: ವೆಲ್ಡಿಂಗ್ ಚಾಪದಲ್ಲೂ ಇದೇ ಅನಿಲ ಹುಟ್ಟುತ್ತದಲ್ಲ, ಮನೆಯಲ್ಲೇ ಮಾಡಬಹುದೇ?

ಉತ್ತರ: ದಯವಿಟ್ಟು ಬೇಡ. ಅದರಲ್ಲಿ ಲೋಹದ ಹೊಗೆ, ಅತಿನೇರಳೆ ಕಿರಣಗಳೂ ಇರುತ್ತವೆ. ಜೊತೆಗೆ ನೈಟ್ರಿಕ್ ಆಕ್ಸೈಡ್ ಗಾಳಿಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಆಗಿ ಬದಲಾಗುತ್ತದೆ. ಸಾಂದ್ರತೆ ಎರಡು ಪಟ್ಟಾದರೆ ಬದಲಾಗುವ ವೇಗ ನಾಲ್ಕು ಪಟ್ಟು. 500 ಪಿಪಿಎಂನಲ್ಲಿ ಅರ್ಧ ಪಾಲು ಬದಲಾಗಲು ಕೆಲವೇ ನಿಮಿಷ ಸಾಕು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ನೈಟ್ರಿಕ್ ಆಕ್ಸೈಡ್‌ಗೆ 8 ಗಂಟೆಯ ಸರಾಸರಿ ಮಿತಿ 25 ಪಿಪಿಎಂ. ನೈಟ್ರೋಜನ್ ಡೈಆಕ್ಸೈಡ್ ಯಾವ ಗಳಿಗೆಯಲ್ಲೂ 5 ಪಿಪಿಎಂ ದಾಟುವಂತಿಲ್ಲ. ಅದನ್ನು ಉಸಿರಾಡಿದವರಿಗೆ ಆಗ ಏನೂ ಅನ್ನಿಸದೆ, ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆಸ್ಪತ್ರೆಯಲ್ಲೂ ಗಾಯದ ಪಕ್ಕದಲ್ಲೇ ಹೀರುನಾಳ ಇಟ್ಟು, ಅನಿಲವನ್ನು ಹೊರಕ್ಕೆ ಸಾಗಿಸುವ ವ್ಯವಸ್ಥೆ ಇರಬೇಕು.