ದೊಡ್ಡ ಜಾತಿಯ ಕ್ರಾಸ್ ನಾಯಿ ತರುವ ಮುಂಚೆ, ಎತ್ತೋರು ಯಾರು ಅಂತ ಯೋಚಿಸಿ

ಗ್ರೇಟ್ ಡೇನ್ ಮತ್ತು ಲ್ಯಾಬ್ರಡಾರ್ ಕ್ರಾಸ್ ಮರಿಯೊಂದು ಸಿಗುತ್ತಿದೆ, ಮನೆಯಲ್ಲಿ 4 ವರ್ಷದ ಮಗ ಮತ್ತು ವಯಸ್ಸಾದ ಅಪ್ಪ ಇದ್ದಾರೆ, ಕ್ರಾಸ್ ಆದ್ದರಿಂದ ಕಾಯಿಲೆ ಕಮ್ಮಿ ಅಂತಾರೆ, ತರಬಹುದಾ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ಕ್ರಾಸ್ ನಾಯಿ ಇದೆ. ಹೆಸರು ಕೆಂಚ. ಈಗ 8 ವರ್ಷ, ತೂಕ 54 ಕೆಜಿ. ನಾವಿರುವುದು ತುಮಕೂರಿನಲ್ಲಿ. ಮನೆಯಲ್ಲಿ ನಾನು, ನನ್ನ ಗಂಡ, ಮಗಳು, ಅತ್ತೆ.

ತರಬಹುದು. ಆದರೆ ಮೊದಲು ಒಂದು ಮಾತು ಮನೆಯವರೆಲ್ಲ ಕೂತು ಯೋಚಿಸಿ. ನಾಯಿ ತಾನಾಗಿ ಏಳಲಾಗದ ದಿನ ಅದನ್ನು ಎತ್ತೋರು ಯಾರು?

ನಮಗೆ ಈ ಪ್ರಶ್ನೆ ಎದುರಾಗಿದ್ದು ಕೆಂಚನಿಗೆ 4 ವರ್ಷ ಆಗಿದ್ದಾಗ. ಒಂದು ರಾತ್ರಿ ಹೊಟ್ಟೆ ತುಂಬ ಊಟ ಮಾಡಿದ. ಆಮೇಲೆ ಕಾಂಪೌಂಡಿನಲ್ಲಿ ಮಗಳ ಜೊತೆ ಚೆಂಡಿನ ಹಿಂದೆ ಓಡಾಡಿದ. ಹತ್ತು ಗಂಟೆ ಹೊತ್ತಿಗೆ ಮಲಗದೆ ಹಾಲಿನಲ್ಲಿ ಅತ್ತಿಂದಿತ್ತ ತಿರುಗಲು ಶುರು ಮಾಡಿದ. ಕತ್ತು ಬಗ್ಗಿಸಿ ಓಕರಿಸುತ್ತಾನೆ, ಏನೂ ಹೊರಗೆ ಬರುವುದಿಲ್ಲ. ಬರೀ ನೂಲಿನಂಥ ಜೊಲ್ಲು. ಅಜೀರ್ಣ ಇರಬೇಕು, ಬೆಳಿಗ್ಗೆ ಸರಿಹೋಗುತ್ತಾನೆ ಅಂದುಕೊಂಡೆ. ಅತ್ತೆ ಹತ್ತಿರ ಬಂದು ಪಕ್ಕೆಲುಬಿನ ಹಿಂದೆ ಬೆರಳಲ್ಲಿ ತಟ್ಟಿ ನೋಡಿದರು. ಬಿಗಿದ ತಮಟೆ ಥರ ಸದ್ದು ಬಂತು. ಅವರು ಹಳ್ಳಿಯಲ್ಲಿ ದನ ಸಾಕಿದವರು. "ಇದು ಹೊಟ್ಟೆ ಉಬ್ಬರ ಕಣಮ್ಮ, ಕಾಯಬೇಡ, ಡಾಕ್ಟರಿಗೆ ಫೋನ್ ಮಾಡು" ಅಂದರು.

ಡಾಕ್ಟರು ಲಕ್ಷಣ ಕೇಳಿದ ಕೂಡಲೇ ಬೆಂಗಳೂರಿಗೆ ಹೊರಡಿ ಅಂದರು. ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ ಅಂದರು. ಅಷ್ಟರಲ್ಲಿ ಕೆಂಚ ಗೇಟಿನ ಹತ್ತಿರ ಕುಸಿದು ಮಲಗಿದ್ದ. ನಾನು ಮತ್ತು ಗಂಡ ಇಬ್ಬರೂ ಸೇರಿ ಎತ್ತಲು ನೋಡಿದೆವು. ಆಗಲಿಲ್ಲ. ನೋವಾಗಿ ಕೂಗಿಕೊಂಡ. ಆ ಕೂಗು ಇವತ್ತಿಗೂ ಕಿವಿಯಲ್ಲಿದೆ. ಪಕ್ಕದ ಮನೆಯ ಹುಡುಗರಿಬ್ಬರನ್ನು ಎಬ್ಬಿಸಿ, ಜಮಖಾನ ತಂದು, ಅವನನ್ನು ಮೆಲ್ಲಗೆ ಅದರ ಮೇಲೆ ಸರಿಸಿ, ನಾಲ್ಕು ಮೂಲೆಗೆ ನಾಲ್ಕು ಜನ ಹಿಡಿದೆವು. ಅವರ ಮನೆಯ ಓಮ್ನಿಯಲ್ಲಿ ಹಿಂದಿನ ಸೀಟು ತೆಗೆದಿದ್ದರು, ಅದು ನಮ್ಮ ಪುಣ್ಯ. ರಾತ್ರಿಯೇ ಆಪರೇಷನ್ ಆಯಿತು. ತಿರುಚಿಕೊಂಡಿದ್ದ ಹೊಟ್ಟೆಯನ್ನು ಸರಿಮಾಡಿ, ಮತ್ತೆ ತಿರುಗದ ಹಾಗೆ ಪಕ್ಕೆಯ ಒಳಗೋಡೆಗೆ ಹೊಲಿಗೆ ಹಾಕಿದರು. ಬದುಕಿದ.

ಎದೆಗೂಡು ಆಳವಾಗಿರುವ ದೊಡ್ಡ ನಾಯಿಗಳಿಗೆ ಈ ಅಪಾಯ ಜಾಸ್ತಿ. ಅದರಲ್ಲೂ ಗ್ರೇಟ್ ಡೇನ್‌ಗೆ ತುಂಬಾ ಜಾಸ್ತಿ. ಹೊಟ್ಟೆಯಲ್ಲಿ ಗಾಳಿ ತುಂಬಿ ಅದು ತಿರುಚಿಕೊಂಡರೆ ರಕ್ತದ ಓಡಾಟ ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ಮನೆಮದ್ದು ಇಲ್ಲ. ಕ್ರಾಸ್ ಆದರೆ ಬರುವುದಿಲ್ಲ ಅನ್ನೋದನ್ನ ದಯವಿಟ್ಟು ನಂಬಬೇಡಿ. ಮರಿಗೆ ಆ ಎದೆಗೂಡು ಬಂದಿದ್ದರೆ ಅದರ ಜೊತೆ ಈ ಅಪಾಯವೂ ಬಂದಿರುತ್ತದೆ. ಈಗ ನಾವು ದಿನದ ಊಟವನ್ನು ಮೂರು ಪಾಲು ಮಾಡಿ ಕೊಡುತ್ತೇವೆ. ಗಬಗಬ ತಿನ್ನದ ಹಾಗೆ ಅಗಲ ತಟ್ಟೆಯಲ್ಲಿ ಹರಡುತ್ತೇವೆ. ಊಟ ಆದ ಮೇಲೆ ಒಂದು ಗಂಟೆಯಾದರೂ ಓಟ, ಆಟ ಎರಡೂ ಇಲ್ಲ. ಇನ್ನೊಂದು ವಿಷಯ ನಮಗೆ ತಡವಾಗಿ ಗೊತ್ತಾಯಿತು. ಸಂತಾನಹರಣ ಚಿಕಿತ್ಸೆ ಮಾಡಿಸುವಾಗಲೇ ಹೊಟ್ಟೆಗೆ ಆ ಹೊಲಿಗೆಯನ್ನೂ ಹಾಕಿಸಬಹುದು. ನೀವು ಮರೆಯದೆ ಕೇಳಿ.

ಇನ್ನು ಮಗು, ಅಪ್ಪ. ಕೆಂಚ ಇಷ್ಟು ವರ್ಷದಲ್ಲಿ ಯಾರಿಗೂ ಹಲ್ಲು ತೋರಿಸಿಲ್ಲ. ಆದರೆ ಅವನು ಒರಗುತ್ತಾನೆ. ಪ್ರೀತಿ ಬಂದರೆ ಪಕ್ಕಕ್ಕೆ ಬಂದು ನಿಂತು ಪೂರ್ತಿ ಭಾರ ಕಾಲ ಮೇಲೆ ಬಿಡುತ್ತಾನೆ. ಡೇನ್‌ಗಳ ಸ್ವಭಾವವೇ ಅದು. ಮಂಡಿನೋವಿರುವ ಅತ್ತೆ ಒಮ್ಮೆ ಹಾಗೇ ಜಾರಿ ಕೂತುಬಿಟ್ಟರು, ಪಕ್ಕದಲ್ಲಿ ಸೋಫಾ ಇತ್ತು ಸದ್ಯ. ಬಾಲ ಬೀಸಿದರೆ ಸರಿಯಾಗಿ ಚಿಕ್ಕ ಮಕ್ಕಳ ಮುಖಕ್ಕೆ ಬಡಿಯುತ್ತದೆ. ಅದಕ್ಕೇ ನಿಮ್ಮ ಮಗನನ್ನು ನಾಯಿಯ ಜೊತೆ ಒಂಟಿಯಾಗಿ ಬಿಡಬೇಡಿ, ಎಷ್ಟೇ ಸಾಧು ನಾಯಿ ಆದರೂ. ಊಟದ ತಟ್ಟೆ ಹತ್ತಿರ, ಮಲಗಿದಾಗ ಅದರ ಹತ್ತಿರ ಹೋಗಬಾರದು ಅಂತ ಮಗುವಿಗೂ ಕಲಿಸಿ. ನಾಯಿಗೆ "ಕೂತ್ಕೋ", "ಹಿಂದೆ ಸರಿ" ಅನ್ನುವುದನ್ನು 3 ತಿಂಗಳ ಮರಿ ಇದ್ದಾಗಲೇ ಶುರು ಮಾಡಿ. ಮರಿ ಎದೆ ಮೇಲೆ ಹತ್ತಿದರೆ ಎಲ್ಲರೂ ನಗುತ್ತಾರೆ. ಅದೇ ನಾಯಿ 10 ತಿಂಗಳಿಗೆ ಹಾಗೆ ಹತ್ತಿದರೆ ನಿಮ್ಮ ಅಪ್ಪ ಬೀಳುತ್ತಾರೆ. ಬೆಲ್ಟು ಎಳೆಯದೆ ನಡೆಯುವುದನ್ನೂ ಆಗಲೇ ಕಲಿಸಬೇಕು. 50 ಕೆಜಿ ನಾಯಿ ಬೆಕ್ಕು ಕಂಡು ನುಗ್ಗಿದರೆ ಹಿಡಿಯುವುದು ನನ್ನ ಕೈಲಾಗುವ ಕೆಲಸ ಅಲ್ಲ.

ಬೆಳೆಯುವ ವಯಸ್ಸಿನಲ್ಲಿ ನೋಡಿದವರೆಲ್ಲ ಕ್ಯಾಲ್ಸಿಯಂ ಸಿರಪ್ ಕೊಡಿ ಅಂತಾರೆ. ಮೂಳೆ ದೊಡ್ಡದು, ಕ್ಯಾಲ್ಸಿಯಂ ಜಾಸ್ತಿ ಬೇಕು ಅಲ್ವಾ ಅಂತ ನಾವೂ ಒಂದು ಬಾಟಲಿ ತಂದಿದ್ದೆವು. ಡಾಕ್ಟರು ನಿಲ್ಲಿಸಿದರು. ದೊಡ್ಡ ಜಾತಿಯ ಮರಿಗಳಿಗೆ ಕ್ಯಾಲ್ಸಿಯಂ ಅತಿಯಾದರೆ ಮೂಳೆ, ಕೀಲು ಸರಿಯಾಗಿ ಬೆಳೆಯುವುದಿಲ್ಲ. ದೊಡ್ಡ ತಳಿಯ ಮರಿಗಳಿಗೆ ಅಂತಲೇ ಬರುವ ಆಹಾರದಲ್ಲಿ ಅದರ ಲೆಕ್ಕ ಸರಿಯಾಗಿರುತ್ತದೆ, ಮೇಲೆ ಬೇರೆ ಸೇರಿಸಬಾರದು. ಮರಿ ದುಂಡಗೆ ಇರಲಿ ಅಂತ ತಿನ್ನಿಸಬೇಡಿ. ಕೈ ಸವರಿದರೆ ಪಕ್ಕೆಲುಬು ಸಿಗಬೇಕು. ಇವು ಒಂದೂವರೆ, ಎರಡು ವರ್ಷದವರೆಗೂ ಬೆಳೆಯುತ್ತಲೇ ಇರುತ್ತವೆ. ಅಲ್ಲಿಯವರೆಗೆ ಮೆಟ್ಟಿಲ ಮೇಲೆ ಓಡಿಸುವುದು, ಎತ್ತರದಿಂದ ಹಾರಿಸುವುದು ಬೇಡ. ಮನೆಗೆ ನುಣುಪು ಟೈಲ್ಸ್ ಹಾಕಿಸಿದ್ದರೆ ಓಡಾಡುವ ದಾರಿಗೆ ರಬ್ಬರ್ ಮ್ಯಾಟ್ ಹಾಸಿ. ಮಲಗಲು ದಪ್ಪ ಹಾಸಿಗೆ ಬೇಕು. ಬರೀ ನೆಲದ ಮೇಲೆ ಮಲಗಿ ಕೆಂಚನ ಮೊಣಕೈ ಜಡ್ಡುಗಟ್ಟಿದೆ.

ಖರ್ಚು ನೇರವಾಗಿ ಹೇಳುತ್ತೇನೆ. ಅನ್ನ, ಕೋಳಿ, ಮೊಟ್ಟೆ, ಕುಂಬಳಕಾಯಿ, ಸ್ವಲ್ಪ ಮೊಸರು, ಔಷಧಿ ಎಲ್ಲ ಸೇರಿ ನಮಗೆ ತಿಂಗಳಿಗೆ 8,000 ರೂಪಾಯಿ ಆಗುತ್ತದೆ. ರೇಬೀಸ್ ಲಸಿಕೆ ಎಲ್ಲ ನಾಯಿಗೂ ಒಂದೇ ಅಳತೆ. ಆದರೆ ಜಂತುಹುಳದ ಮಾತ್ರೆ, ರಕ್ತ ಹೀರುವ ಉಣ್ಣೆಹುಳಕ್ಕೆ ಕೊಡುವ ಮಾತ್ರೆ, ಅರಿವಳಿಕೆ ಎಲ್ಲ ತೂಕದ ಮೇಲೆ. ಉಣ್ಣೆ ಮಾತ್ರೆಯನ್ನು ಮಾತ್ರ ತಪ್ಪಿಸಬೇಡಿ. ನಮ್ಮ ಕಡೆ ಉಣ್ಣೆಯಿಂದ ಬರುವ ಜ್ವರ ಸಾಮಾನ್ಯ. ನಾಯಿ ಮಂಕಾಗಿ, ಊಟ ಬಿಟ್ಟು, ವಸಡು ಬಿಳಿಚಿಕೊಂಡರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.

ಗ್ರೇಟ್ ಡೇನ್‌ಗಳ ಆಯಸ್ಸೇ 8ರಿಂದ 10 ವರ್ಷ. ಲ್ಯಾಬ್ ರಕ್ತ ಸೇರಿದ್ದರಿಂದ ಕೆಂಚ ಇನ್ನೂ ಸ್ವಲ್ಪ ಜಾಸ್ತಿ ಇರಲಿ ಅಂತ ದಿನಾ ಬೇಡಿಕೊಳ್ಳುತ್ತೇನೆ. ಹೋದ ಮಳೆಗಾಲದಿಂದ ಅವನ ಹಿಂಗಾಲು ಸೋತಿವೆ. ಬೆಳಿಗ್ಗೆ ಎದ್ದ ಕೂಡಲೇ ನನ್ನ ಗಂಡ ಒಂದು ಹಳೇ ಟವೆಲನ್ನು ಅವನ ಹೊಟ್ಟೆಯ ಕೆಳಗೆ, ತೊಡೆಯ ಮುಂದೆ ತೂರಿಸಿ ಎರಡೂ ತುದಿ ಮೇಲಕ್ಕೆ ಹಿಡಿಯುತ್ತಾರೆ. ಅವನು ಮುಂಗಾಲು ಊರಿ ತಿರುಗಿ ನೋಡುತ್ತಾನೆ. ನಾನು "ಏಳಪ್ಪಾ" ಅನ್ನುತ್ತೇನೆ. ಆಗ ಏಳುತ್ತಾನೆ. ಮೂರು ಮೆಟ್ಟಿಲು ಇಳಿಯಲು ಐದು ನಿಮಿಷ ಬೇಕು. ಆ ಐದು ನಿಮಿಷ ಮನೆಯಲ್ಲಿ ಯಾರೂ ಅವಸರ ಮಾಡುವುದಿಲ್ಲ. ಜಮಖಾನ ಈಗಲೂ ಬಾಗಿಲ ಹಿಂದೆಯೇ ಮಡಿಸಿಟ್ಟಿದೆ.

ಮರಿ ನೋಡಲು ಹೋಗುವಾಗ ಅಪ್ಪನನ್ನೂ, ಮಗನನ್ನೂ ಕರೆದುಕೊಂಡು ಹೋಗಿ. ತಂದೆ ನಾಯಿ, ತಾಯಿ ನಾಯಿ ಎರಡನ್ನೂ ತೋರಿಸಿ ಅಂತ ಕೇಳಿ. ಡೇನ್ ಯಾವುದೋ ಅದನ್ನು ಅಪ್ಪನ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಮುಂದಿನ ವರ್ಷ ಇಷ್ಟೊತ್ತಿಗೆ ನಿಮ್ಮ ಮರಿ ಹೆಚ್ಚುಕಮ್ಮಿ ಅಷ್ಟೆತ್ತರ ಆಗಿರಬಹುದು.