ಲೆಸ್ಟರ್‌ಗೆ ಹೊರಟಿರುವ ಕುಮಟಾದ ತಂಗಿಗೆ

ತಂಗೀ, ನಿನ್ನ ಮೆಸೇಜು ಓದಿದೆ. ಯಜಮಾನರಿಗೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೆಲಸ ಸಿಕ್ಕಿದೆ, ಮಳೆಗಾಲ ಹಿಡಿಯುವುದರೊಳಗೆ ನೀನೂ ಹೊರಡುತ್ತೀಯ, ಹುಬ್ಬಳ್ಳಿಯ ಮಾರ್ಕೆಟಿಂಗ್ ಕೆಲಸ ಬಿಡಬೇಕು. ಅಲ್ಲಿ ಹೋಗಿ ಕೆಲಸ ಹುಡುಕಲಾ, ಇಲ್ಲ ಆಯಿಯ ಅಪ್ಪೆಮಿಡಿ ಉಪ್ಪಿನಕಾಯಿ ತರಿಸಿ ಮಾರಲಾ ಎಂದು ಕೇಳಿದ್ದೀಯ. ಚಳಿ ಹೇಗೆ, ಬೇಜಾರು ಬರುತ್ತದಾ ಎಂದೂ ಕೇಳಿದ್ದೀಯ. ನಾನಿರುವುದು ಇಂಗ್ಲೆಂಡಿನದೇ ರೆಡಿಂಗ್‌ನಲ್ಲಿ, ಬಿಸಿನೆಸ್ ಶುರು ಮಾಡುವ ನಮ್ಮ ಹೆಂಗಸರಿಗೆ ಸಲಹೆ ಕೊಡುತ್ತೇನೆ. ಈಗ ರಜೆಗೆ ಶಿರಸಿಗೆ ಬಂದಿದ್ದೇನೆ, ಪುರುಸೊತ್ತಿದೆ. ಹಾಗಾಗಿ ಉದ್ದಕ್ಕೇ ಬರೆಯುತ್ತೇನೆ.

ಹವೆಯ ವಿಷಯ ಬೇಗ ಮುಗಿಸಿಬಿಡುತ್ತೇನೆ. ಅಲ್ಲಿನ ಮಳೆಗೆ ನಮ್ಮ ಕಡೆಯವರು ಹೆದರಬಾರದು. ಲಂಡನ್‌ನಲ್ಲಿ ಇಡೀ ವರ್ಷ ಬೀಳುವುದು ಸುಮಾರು 600 ಮಿ.ಮೀ. ಹೊನ್ನಾವರದಲ್ಲಿ ಜುಲೈ ಒಂದೇ ತಿಂಗಳು ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ಕಷ್ಟ ಕೊಡುವುದು ಕತ್ತಲೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ದೀಪ ಹಾಕಬೇಕು. ಆ ಹೊತ್ತಿಗೆ ಮನೆಯೊಳಗೆ ಒಬ್ಬಳೇ ಕೂತರೆ ಬೇಜಾರು ಬಂದೇ ಬರುತ್ತದೆ. 'ಅಕ್ಕಾ, ಏನಾದರೂ ಬಿಸಿನೆಸ್ ಶುರು ಮಾಡಬೇಕು' ಅಂತ ನನಗೆ ಫೋನ್ ಬರುವುದೂ ಹೆಚ್ಚಾಗಿ ಅದೇ ತಿಂಗಳುಗಳಲ್ಲಿ! ಬೇಜಾರು ಹೋಗಬೇಕಾದರೆ ಜನ ಬೇಕು. ಅದಕ್ಕೆ ಕನ್ನಡದವರ ಕೂಟವಿದೆ, ಲೈಬ್ರರಿ ಇದೆ. ಬಿಸಿನೆಸ್ಸಿಗೆ ಗಿರಾಕಿ ಬೇಕು. ಇವೆರಡನ್ನೂ ಕಲಸಬೇಡ.

ಇನ್ನು ವೀಸಾ. ಯಜಮಾನರದು ಸ್ಕಿಲ್ಡ್ ವರ್ಕರ್ ವೀಸಾ ಎಂದಿದ್ದೀಯ. ಹಾಗಾದರೆ ಡಿಪೆಂಡೆಂಟ್, ಅಂದರೆ ಅವರ ಅವಲಂಬಿತಳಾಗಿ ಬರುವ ನೀನು ಕೆಲಸಕ್ಕೂ ಸೇರಬಹುದು, ಸ್ವಂತ ವ್ಯಾಪಾರವನ್ನೂ ಮಾಡಬಹುದು. ವೃತ್ತಿಪರ ಕ್ರೀಡಾಪಟು ಆಗುವ ಹಾಗಿಲ್ಲ, ಅಷ್ಟೇ. ನಿನಗೆ ಆ ಯೋಚನೆ ಇಲ್ಲ ಅಲ್ವಾ? ಸ್ಟೂಡೆಂಟ್ ವೀಸಾದಲ್ಲಿ ಬಂದವರಿಗೆ ಸ್ವಂತ ವ್ಯಾಪಾರ ಕೂಡದು, ಆದ್ದರಿಂದ ಓದಲು ಬಂದ ಗೆಳತಿಯನ್ನು ಪಾಲುದಾರಳನ್ನಾಗಿ ಮಾಡಿಕೊಳ್ಳಲು ಹೋಗಬೇಡ. ಒಬ್ಬಳೇ ಶುರು ಮಾಡಿದರೆ 'ಸೋಲ್ ಟ್ರೇಡರ್' ಎನ್ನುತ್ತಾರೆ. ಏಪ್ರಿಲ್ 5ಕ್ಕೆ ಮುಗಿಯುವ ತೆರಿಗೆ ವರ್ಷದಲ್ಲಿ ವ್ಯಾಪಾರದಿಂದ ಬಂದ ಹಣ 1,000 ಪೌಂಡ್ ದಾಟಿದರೆ ಮುಂದಿನ ಅಕ್ಟೋಬರ್ 5ರೊಳಗೆ ತೆರಿಗೆಯವರಲ್ಲಿ ಹೆಸರು ನೋಂದಾಯಿಸಬೇಕು. ಲಾಭ ಅಲ್ಲ, ಬಂದ ಒಟ್ಟು ಹಣ. ಇದು ನೆನಪಿರಲಿ.

ಈಗ ಉಪ್ಪಿನಕಾಯಿಗೆ ಬರುತ್ತೇನೆ. ಮನೆಗೆಂದು ನಾಲ್ಕು ಬಾಟಲಿ ತರುವುದು ಬೇರೆ, ಮಾರಲು ತರಿಸುವುದು ಬೇರೆ. ಮಾರಲು ತರಿಸುವುದಾದರೆ ಆಯಿ ಕಡೆಯಿಂದ ರಫ್ತಿನ ಕೋಡ್, ಆಹಾರ ಸುರಕ್ಷತೆಯವರ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಎಲ್ಲ ಬೇಕು. ಅಲ್ಲಿ ಆಮದು ಮಾಡಿಕೊಳ್ಳುವವಳಾಗಿ ಲೇಬಲ್ ಮೇಲೆ ನಿನ್ನ ಹೆಸರು, ವಿಳಾಸ ಬರಬೇಕು. ಅಲ್ಲೇ ಮನೆಯಲ್ಲಿ ಮಾಡಿ ಮಾರುವುದಾದರೆ ಶುರು ಮಾಡುವ 28 ದಿನ ಮೊದಲೇ ಊರಿನ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು. ಅದಕ್ಕೆ ದುಡ್ಡಿಲ್ಲ. ಆಮೇಲೆ ಅವರು ಬಂದು ಅಡುಗೆಮನೆ ನೋಡುತ್ತಾರೆ, ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ಬಾಡಿಗೆ ಮನೆಯಾದರೆ ಮೊದಲು ಮಾಲೀಕರ ಒಪ್ಪಿಗೆ ಕೇಳಬೇಕು.

ಲೇಬಲ್‌ನಲ್ಲಿ ನಮ್ಮವರು ಎಡವುವುದು ಅಲರ್ಜಿ ವಿಷಯದಲ್ಲಿ. ಅಲ್ಲಿ 14 ಪದಾರ್ಥಗಳನ್ನು ಎದ್ದು ಕಾಣುವಂತೆ ಬರೆಯಲೇಬೇಕು. ಸಾಸಿವೆ ಅದರಲ್ಲಿ ಒಂದು. ಎಳ್ಳು, ಶೇಂಗಾ, ಗೋಡಂಬಿ, ಹಾಲು, ಗೋಧಿ ಎಲ್ಲ ಇವೆ. ತೆಂಗಿನಕಾಯಿ ಆ ಪಟ್ಟಿಯಲ್ಲಿ ಇಲ್ಲ, ನಮ್ಮ ಪುಣ್ಯ. ಆದರೆ ಇಂಗು? ಅಂಗಡಿಯಲ್ಲಿ ಸಿಗುವ ಪುಡಿ ಇಂಗಿಗೆ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. 'ನನ್ನ ಉಪ್ಪಿನಕಾಯಿಯಲ್ಲಿ ಗೋಧಿ ಎಲ್ಲಿಂದ ಬಂತು ಅಕ್ಕಾ' ಎಂದು ಕೇಳಿದವರಿಗೆಲ್ಲ ನಾನು ಇಂಗಿನ ಡಬ್ಬಿಯ ಹಿಂಭಾಗ ಓದಿಸಿದ್ದೇನೆ.

ಇದೆಲ್ಲ ಕಾಗದದ ಕೆಲಸ. ಕಲಿತರೆ ಬರುತ್ತದೆ. ನಾನು ನಿಜವಾಗಿ ಹೇಳಬೇಕೆಂದಿರುವುದು ಬೆಲೆಯ ವಿಷಯ.

ನನ್ನ ಹತ್ತಿರ ಬರುವ ಹೆಂಗಸರು ಲೋಗೋ ಬೇಕು, ಇನ್‌ಸ್ಟಾಗ್ರಾಂ ಪೇಜ್ ಬೇಕು ಅನ್ನುತ್ತಾರೆ. ನಾನು ಮೊದಲು ಕೇಳುವುದು 'ಒಂದು ಬಾಟಲಿಗೆ ಎಷ್ಟು, ಯಾಕೆ ಅಷ್ಟು?' 'ಮೂರು ಪೌಂಡ್, ಎಲ್ಲರೂ ಅಷ್ಟೇ ತಗೋತಾರೆ' ಎಂಬ ಉತ್ತರ ಬರುತ್ತದೆ. ಸರಿ, ಲೆಕ್ಕ ಹಾಕೋಣ. 20 ಬಾಟಲಿ ಮಾಡಲು ಹೆಚ್ಚುವುದು, ಬಾಟಲಿ ಕುದಿಸುವುದು, ತುಂಬುವುದು, ಲೇಬಲ್ ಅಂಟಿಸುವುದು ಎಲ್ಲ ಸೇರಿ ಐದು ಗಂಟೆ ಎಂದಿಟ್ಟುಕೊ. 2025ರ ಏಪ್ರಿಲ್‌ನಲ್ಲಿ ಅಲ್ಲಿ 21 ತುಂಬಿದವರಿಗೆ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಆಯಿತು. ಆ ಲೆಕ್ಕದಲ್ಲೇ ಐದು ಗಂಟೆಗೆ 61 ಪೌಂಡ್. ಬಾಟಲಿಗೆ ಮೂರು ಪೌಂಡ್ ಕೂಲಿಗೇ ಹೋಯಿತು. ಸಾಮಾನು, ಗಾಜಿನ ಬಾಟಲಿ, ಕರೆಂಟು, ಸಂತೆಯಲ್ಲಿ ಮೇಜಿನ ಬಾಡಿಗೆ, ಇನ್ಶೂರೆನ್ಸ್ ಎಲ್ಲ ಕೈಯಿಂದ. 'ಆದ್ರೆ ನಾನು ಮನೆಯಲ್ಲೇ ಇರ್ತೀನಲ್ಲ ಅಕ್ಕಾ' ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಶಿರಸಿಯಲ್ಲೂ ಇದನ್ನೇ ಕೇಳುತ್ತೇನೆ. ಮೊನ್ನೆ ಹಪ್ಪಳ ಮಾಡಿ ಅಂಗಡಿಗೆ ಕೊಡುವ ಒಬ್ಬರ ಮನೆಗೆ ಹೋಗಿದ್ದೆ. ಹಲಸಿನಕಾಯಿಯ ಲೆಕ್ಕ ಇದೆ, ಎಣ್ಣೆಯ ಲೆಕ್ಕ ಇದೆ, ಅವರ ಬೆನ್ನು ನೋವಿನ ಲೆಕ್ಕ ಎಲ್ಲಿಯೂ ಇಲ್ಲ.

ಕಡಿಮೆ ಬೆಲೆಗೆ ಇನ್ನೊಂದು ಕಾರಣ ನಮ್ಮವರಿಗೇ ಮಾರುವುದು. ಮೊದಲ ಗಿರಾಕಿಗಳು ಕನ್ನಡದವರೇ ಆಗಿರುತ್ತಾರೆ. ಪ್ರೀತಿಯಿಂದ ಕೊಳ್ಳುತ್ತಾರೆ, ಊರು ನೆನಪಾಯಿತು ಅನ್ನುತ್ತಾರೆ. ಯುಗಾದಿ ಕಾರ್ಯಕ್ರಮದಲ್ಲಿ ಡಬ್ಬಿ ಖಾಲಿ. ಅದನ್ನು ನೋಡಿ ಬಿಸಿನೆಸ್ ನಡೆಯಿತು ಎಂದುಕೊಂಡರೆ ಕೆಟ್ಟೆ. ಅವರು ಇನ್ನೊಮ್ಮೆ ಕೊಳ್ಳುವುದು ಮುಂದಿನ ಹಬ್ಬಕ್ಕೆ. ಅವರ ಹತ್ತಿರ ಬೆಲೆ ಏರಿಸಲೂ ನಿನಗೆ ಬಾಯಿ ಬರುವುದಿಲ್ಲ. ಅದರಲ್ಲೂ ಲೆಸ್ಟರ್! 1972ರಲ್ಲಿ ಉಗಾಂಡಾದಿಂದ ಓಡಿಸಲ್ಪಟ್ಟ ಗುಜರಾತಿಗಳು ತುಂಬಾ ಜನ ಬಂದು ನೆಲೆಸಿದ ಊರು ಅದು. ಬೆಲ್‌ಗ್ರೇವ್ ರೋಡ್‌ನಲ್ಲಿ ನಡೆದರೆ ಸೀರೆ, ಚಿನ್ನ, ಮಿಠಾಯಿ, ಉಪ್ಪಿನಕಾಯಿ ಎಲ್ಲ ಸಾಲಾಗಿ ಸಿಗುತ್ತವೆ. ಅಗ್ಗದ ಪೈಪೋಟಿಯಲ್ಲಿ ಅವರನ್ನು ಗೆಲ್ಲುವುದು ನಿನ್ನಿಂದಾಗದು, ಗೆಲ್ಲಬೇಕಾಗಿಯೂ ಇಲ್ಲ.

ಅಪರಿಚಿತರಿಗೆ ಮಾರುವುದು ಹೇಗೆ ಎಂದು ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ನಿಮ್ಮೂರ ಹೈವೇ ಬದಿಯಲ್ಲೇ ಕುಮಟಾ ಸಿಹಿ ಈರುಳ್ಳಿ ಮಾರುವ ಹೆಂಗಸರಿದ್ದಾರಲ್ಲ. ಗೊಂಚಲು ಕಟ್ಟಿ ತೂಗುಹಾಕುತ್ತಾರೆ, ಓಡುವ ಕಾರಿನಿಂದಲೂ ಕಾಣುತ್ತದೆ. ಗೋವಾದಿಂದ ಬಂದವನಾಗಲಿ, ಮಂಗಳೂರಿಗೆ ಹೋಗುವವನಾಗಲಿ, ಗುರುತು ಪರಿಚಯ ಇಲ್ಲದವನು ಇಳಿದು ಬರುತ್ತಾನೆ. ಬೆಲೆ ಹೇಳುವಾಗ ಅವರ ಮುಖದಲ್ಲಿ ಸಂಕೋಚ ಇರುವುದಿಲ್ಲ. ಕಾರವಾರದ ಮೀನು ಮಾರ್ಕೆಟ್ಟಿನಲ್ಲೂ ಅಷ್ಟೇ, ಇಸವಾಣದ ಬೆಲೆ ಹೇಳಿ ಆಕೆ 'ಸಾರಿ' ಅನ್ನುವುದಿಲ್ಲ. ಓದಿದ ನಾವೇ ಬೆಲೆ ಹೇಳುವಾಗ ತೊದಲುವುದು.

ಲೆಸ್ಟರ್ ಪಕ್ಕದ ಡರ್ಬಿಯಲ್ಲಿ ಪರ್ವೀನ್ ವಾರ್ಸಿ ಎಂಬವರಿದ್ದಾರೆ. ಬಿಹಾರದಲ್ಲಿ ಹುಟ್ಟಿದವರು. ಅಲ್ಲಿನ ಅಂಗಡಿಗಳ ಸಮೋಸ ರುಚಿಸದೆ ಮನೆಯಲ್ಲೇ ಮಾಡಿ ಮಾರಲು ಶುರು ಮಾಡಿದರು. 1986ರಲ್ಲಿ ಎಸ್ ಆಂಡ್ ಎ ಫುಡ್ಸ್ ಕಂಪನಿ ಕಟ್ಟಿದರು. ನೆಂಟರಿಷ್ಟರ ಆರ್ಡರಿಗೆ ನಿಲ್ಲದೆ ಆಸ್ಡಾದಂಥ ಸೂಪರ್‌ಮಾರ್ಕೆಟ್ ಹಿಂದೆ ಬಿದ್ದು ಅಲ್ಲಿ ಜಾಗ ಹಿಡಿದರು. ನೀನು ಅಷ್ಟು ದೊಡ್ಡದಾಗಬೇಕು ಅಂತ ಹೇಳುತ್ತಿಲ್ಲ. ಯಾರಿಗೆ ಮಾರಲು ಹೊರಟರು ಎಂಬುದನ್ನಷ್ಟೇ ನೋಡು.

ನನ್ನನ್ನು ಕೇಳಿದರೆ, ನೀನು ಉಪ್ಪಿನಕಾಯಿಗಿಂತ ನಿನ್ನ ಮಾರ್ಕೆಟಿಂಗ್ ಕೆಲಸವನ್ನೇ ಮಾರಬೇಕು. ಅದಕ್ಕೆ ಬಾಟಲಿ ಬೇಡ, ಅಂಕದ ಚೀಟಿ ಬೇಡ, ವಿಮಾನದ ತೂಕವೂ ಬೇಡ. ಲೆಸ್ಟರ್‌ನಲ್ಲಿ ಮೆಹೆಂದಿ ಹಾಕುವವರು, ಹುಬ್ಬು ತೀಡುವವರು, ಟಿಫಿನ್ ಕೊಡುವವರು, ಡ್ಯಾನ್ಸ್ ಕಲಿಸುವವರು ಬೇಕಾದಷ್ಟು ಹೆಂಗಸರಿದ್ದಾರೆ. ಕೆಲಸದಲ್ಲಿ ಗಟ್ಟಿ, ಮಾರುವುದರಲ್ಲಿ ಹಿಂದೆ. ಗೂಗಲ್ ಮ್ಯಾಪಿನಲ್ಲಿ ಹೆಸರೇ ಇರುವುದಿಲ್ಲ, ಇದ್ದರೂ ಫೋನ್ ನಂಬರ್ ಹಳೆಯದು, ಬೆಲೆಪಟ್ಟಿ ಇಲ್ಲ. ನೀನು ಮೊದಲ ಗಿರಾಕಿಗೆ ಇಷ್ಟೇ ಮಾಡಿಕೊಟ್ಟರೂ ಸಾಕು: ಮ್ಯಾಪಿನಲ್ಲಿ ಸರಿಯಾದ ಪುಟ, ಹಗಲು ಬೆಳಕಿನಲ್ಲಿ ತೆಗೆದ ಫೋಟೊ, ಎಲ್ಲರಿಗೂ ಕಾಣುವ ಬೆಲೆ, ಕೆಲಸ ಮುಗಿದ ಮೇಲೆ ರಿವ್ಯೂ ಕೇಳುವ ಎರಡು ಸಾಲಿನ ಮೆಸೇಜು. ಏನು ಮಾಡುತ್ತೀಯ, ಎಷ್ಟು ದಿನದಲ್ಲಿ, ಎಷ್ಟು ಹಣಕ್ಕೆ ಎಂದು ಈಮೇಲ್‌ನಲ್ಲಿ ಬರೆದುಕೊಡು. ಪರಿಚಯದವರು ಅಂತ ಪುಕ್ಕಟೆ ಮಾಡಿಕೊಡಬೇಡ. ಕಡಿಮೆ ಮಾಡಬೇಕು ಅನಿಸಿದರೆ ಬಿಲ್ಲಿನಲ್ಲಿ ಪೂರ್ತಿ ಬೆಲೆ ಬರೆದು, ಎಷ್ಟು ಬಿಟ್ಟೆ ಎಂದು ಕೆಳಗೆ ತೋರಿಸು. ಮುಂದಿನ ಸಲ ಪೂರ್ತಿ ಕೇಳಲು ಅದೇ ಆಧಾರ.

ಹುಬ್ಬಳ್ಳಿಯ ಒಂದು ಅಭ್ಯಾಸ ಮಾತ್ರ ಅಲ್ಲೇ ಬಿಟ್ಟು ಬಾ. ದೇವಸ್ಥಾನದ ಗ್ರೂಪು, ಶಾಲೆಯ ಗ್ರೂಪಿನಿಂದ ನಂಬರ್ ಎತ್ತಿಕೊಂಡು ಎಲ್ಲರಿಗೂ ಜಾಹೀರಾತು ಕಳಿಸುವುದು ಅಲ್ಲಿ ನಡೆಯುವುದಿಲ್ಲ. ಜನರ ಒಪ್ಪಿಗೆ ಇಲ್ಲದೆ ಈಮೇಲ್, ಮೆಸೇಜಿನಲ್ಲಿ ಮಾರಾಟಕ್ಕೆ ಇಳಿದರೆ ಕಾನೂನಿನ ತೊಂದರೆ.

2019ರಲ್ಲಿ ಅಲಿಸನ್ ರೋಸ್ ಎಂಬ ಬ್ಯಾಂಕ್ ಅಧಿಕಾರಿ ಅಲ್ಲಿನ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಗಂಡಸರಷ್ಟೇ ಪ್ರಮಾಣದಲ್ಲಿ ಹೆಂಗಸರೂ ಬಿಸಿನೆಸ್ ಶುರು ಮಾಡಿ ಬೆಳೆಸಿದರೆ ಬ್ರಿಟನ್ ಆರ್ಥಿಕತೆಗೆ 25,000 ಕೋಟಿ ಪೌಂಡ್‌ವರೆಗೆ ಸೇರಬಹುದು ಅಂತ ಅದರಲ್ಲಿದೆ. ಸಭೆಗಳಲ್ಲಿ ಈ ಅಂಕಿ ಹೇಳಿ ಚಪ್ಪಾಳೆ ಹೊಡೆಸುತ್ತಾರೆ. ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದಿದ್ದು ಲೈಬ್ರರಿ. ಬ್ರಿಟಿಷ್ ಲೈಬ್ರರಿ ವ್ಯಾಪಾರ ಶುರು ಮಾಡುವವರಿಗೆ ನೆರವಾಗಲು 'ಬಿಸಿನೆಸ್ ಆಂಡ್ ಐಪಿ ಸೆಂಟರ್' ನಡೆಸುತ್ತದೆ, ಬೇರೆ ಊರುಗಳ ಲೈಬ್ರರಿಗಳಲ್ಲೂ ಅದರ ಕೇಂದ್ರಗಳಿವೆ. ದುಡ್ಡು ಕೊಟ್ಟು ಕೊಳ್ಳಬೇಕಾದ ಮಾರುಕಟ್ಟೆ ವರದಿಗಳನ್ನು ಅಲ್ಲಿ ಕೂತು ಪುಕ್ಕಟೆ ಓದಬಹುದು. ಹೀಟರ್ ಬೇರೆ ಇರುತ್ತದೆ.

ಬರುವಾಗ ಹುಬ್ಬಳ್ಳಿ ಕಂಪನಿಯಿಂದ ನೀನು ಮಾಡಿದ ಕೆಲಸದ ವಿವರ ಇರುವ ಪತ್ರ ತಾ, ಬರೀ ರಿಲೀವಿಂಗ್ ಲೆಟರ್ ಸಾಲದು. ಆಯಿ ತುಪ್ಪ ಕಟ್ಟಿಕೊಡುತ್ತೇನೆ ಅಂದರೆ ಬೇಡ ಅನ್ನು. ನಮ್ಮ ದೇಶದಿಂದ ಹಾಲಿನ ಪದಾರ್ಥ ಲಗೇಜಿನಲ್ಲಿ ಒಯ್ಯುವ ಹಾಗಿಲ್ಲ. ಹಸಿ ಕರಿಬೇವೂ ಬೇಡ. ಉಪ್ಪಿನಕಾಯಿ ತರಬಹುದು, ಎಣ್ಣೆ ಸೋರದಂತೆ ಎರಡು ಕವರ್ ಹಾಕಿಸು. ಮನೆ ಸಿಕ್ಕ ಮೇಲೆ ಸುತ್ತಮುತ್ತ ಇರುವ ಹೆಂಗಸರ ಐದು ಅಂಗಡಿ ನೋಡಿ ಇಟ್ಟುಕೊ, ಯಾರಿಗೆ ಏನು ಕಡಿಮೆ ಇದೆ ಎಂದು ಬರೆದು ನನಗೆ ಕಳಿಸು. ನೀನು ಕೇಳಬೇಕೆಂದಿರುವ ಬೆಲೆಯನ್ನೂ ಅದರ ಪಕ್ಕದಲ್ಲೇ ಬರಿ. ಕಡಿಮೆ ಬರೆದರೆ ವಾಪಸ್ ಕಳಿಸುತ್ತೇನೆ.