ಬೆಂಗಳೂರಲ್ಲಿ ಮನೆಗೆ ಕಾವೇರಿ ನೀರಿನ ಪೈಪನ್ನು ನಾವೇ ಹಾಕಿಸಿಕೊಳ್ಳಬಹುದಾ?

ಸುಮ್ನೆ ಯಾರನ್ನೋ ಕರೆಸಿ ರಸ್ತೆ ಅಗೆಸುವ ಹಾಗಿಲ್ಲ. ರಸ್ತೆಯಡಿಯ ಮೇನ್ ಲೈನ್ ಜಲಮಂಡಳಿಯದು. ಮೊದಲು ಅಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ರಸ್ತೆ ಅಗೆಯಲು ಪಾಲಿಕೆಯ ಅನುಮತಿ ಬೇರೆ. ಲೈನಿಗೆ ತೂತು ಹಾಕಿ, ಫೆರೂಲ್ (ಮೇನ್ ಲೈನಿಗೆ ಮನೆ ಪೈಪ್ ಜೋಡಿಸುವ ಸಣ್ಣ ತುಂಡು) ಕೂರಿಸಿ ಪೈಪ್ ಎಳೆಯುವುದು ಲೈಸೆನ್ಸ್ ಇರುವ ಪ್ಲಂಬರ್ ಕೆಲಸ.

ಮಣ್ಣು ಮುಚ್ಚುವ ಮುಂಚೆ ನೀವೇ ಬಗ್ಗಿ ನೋಡಿ. ಒಳಚರಂಡಿ ಪೈಪಿಗೆ ಅಂಟಿಕೊಂಡೇ ನೀರಿನ ಪೈಪ್ ಮಲಗಿದ್ದರೆ ಒಪ್ಪಬೇಡಿ. ಒಂದನ್ನೊಂದು ದಾಟಲೇಬೇಕಾದರೆ ನೀರಿನದ್ದು ಮೇಲೆ, ಚರಂಡಿಯದ್ದು ಕೆಳಗೆ. ನಮ್ಮಲ್ಲಿ ದಿನವಿಡೀ ನೀರು ಬರಲ್ಲ ಅಲ್ವಾ? ಲೈನ್ ಖಾಲಿ ಇದ್ದಾಗ ಸಣ್ಣ ಬಿರುಕಿನಿಂದಲೂ ಕೊಳಕು ಒಳಗೆ ಸೇರುತ್ತದೆ.

ಲೈನಿಗೇ ಮೋಟರ್ ಹಾಕಿ ಎಳೆಯುವಂತಿಲ್ಲ; ನೀರು ಸಂಪಿಗೆ ಬೀಳಲಿ, ಅಲ್ಲಿಂದ ಎತ್ತಿ. 30×40 ಸೈಟಿನ ಹೊಸ ಮನೆಯಾದರೆ ಮಳೆನೀರು ಕೊಯ್ಲೂ ಕಡ್ಡಾಯ.